ಡಿಫ್‌ನಲ್ಲಿ ಕಾಣದ ಸಾಲುಗಳು: ಕರ್ನಲ್ ಡ್ರೈವರ್ ಪ್ಯಾಚ್ ಓದುವ ಬಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಡ್ರೈವರ್‌ಗಳಿಗೆ ಬರುವ ಪ್ಯಾಚ್‌ಗಳಲ್ಲಿ, ಅಂದರೆ ಕೋಡಿನ ತಿದ್ದುಪಡಿಗಳಲ್ಲಿ, ಒಂದು ಜಾತಿಯಿದೆ. ತಲೆಬರಹದಲ್ಲಿ ‘ಕ್ಲೀನಪ್’ ಎಂದಿರುತ್ತದೆ. ತೆಗೆದುಹಾಕಿದ ಸಾಲು ಹತ್ತು-ಹನ್ನೆರಡು, ಸೇರಿಸಿದ್ದು ಎರಡೋ ಮೂರೋ. ಕಂಪೈಲ್ ಆಗುತ್ತದೆ, ಬೋರ್ಡ್ ಬೂಟ್ ಆಗುತ್ತದೆ, ಸಾಧನ ಮೊದಲಿನ ಹಾಗೇ ಓಡುತ್ತದೆ. ಯಾರಿಗೂ ತೊಂದರೆ ಕೊಡದ, ಕೋಡನ್ನು ಚಿಕ್ಕದು ಮಾಡುವ ಪಾಪದ ಪ್ಯಾಚ್. ಹೊಸ ಸೌಲಭ್ಯ ತರುವ ಐನೂರು ಸಾಲಿನ ಪ್ಯಾಚ್ ಬಂದರೆ ಎಲ್ಲರೂ ಕಣ್ಣು ತೆರೆದು ಓದುತ್ತಾರೆ. ಈ ಪಾಪದ್ದು ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ. ಡ್ರೈವರ್ ರಿವ್ಯೂ, ಅಂದರೆ ಒಳಗೆ ಸೇರಿಸುವ ಮುನ್ನ ಪ್ಯಾಚನ್ನು ಓದಿ ಪರಿಶೀಲಿಸುವ ಕೆಲಸ, ಎಂಥದ್ದೆಂದು ತಿಳಿಯಲು ನನ್ನ ಪ್ರಕಾರ ದೊಡ್ಡ ಪ್ಯಾಚ್‌ಗಿಂತ ಇಂಥದ್ದೇ ವಾಸಿ.

ಮೊದಲು ಡ್ರೈವರ್ ಎಲ್ಲಿ ಕೂತಿರುತ್ತದೆ ಎಂಬುದು ಸ್ಪಷ್ಟವಾಗಲಿ. ವೈಫೈ ಕಾರ್ಡ್, ಟಚ್ ಸ್ಕ್ರೀನ್, ಬಿಸಿ ಅಳೆಯುವ ಸೆನ್ಸರ್ ಹೀಗೆ ಒಂದೊಂದು ಚಿಪ್ಪಿನ ಜತೆ ಹೇಗೆ ವ್ಯವಹರಿಸಬೇಕೆಂದು ಕರ್ನಲ್ಲಿಗೆ ಹೇಳಿಕೊಡುವ ಕೋಡ್ ಡ್ರೈವರ್. ಲಿನಕ್ಸ್‌ನ ಮೂಲ ಕೋಡ್ 3 ಕೋಟಿ ಸಾಲು ದಾಟಿ ಬಹಳ ಕಾಲವಾಯಿತು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ‘ಡ್ರೈವರ್ಸ್’ ಎಂಬ ಒಂದೇ ಫೋಲ್ಡರಿನೊಳಗಿದೆ. ಇದು ಕರ್ನಲ್‌ನ ಒಳಗೇ, ಕರ್ನಲ್‌ನ ಪೂರ್ತಿ ಅಧಿಕಾರ ಇಟ್ಟುಕೊಂಡು ಓಡುವ ಕೋಡ್. ಬ್ರೌಸರ್ ಕೆಟ್ಟರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಡ್ರೈವರ್ ತಪ್ಪು ವಿಳಾಸಕ್ಕೆ ಬರೆದರೆ ಹಾಳಾಗುವುದು ಡಿಸ್ಕಿಗೆ ಹೋಗಬೇಕಿದ್ದ ನಿಮ್ಮ ಫೈಲ್ ಆಗಿರಬಹುದು, ಅದೂ ಅರ್ಧ ಗಂಟೆಯ ನಂತರ, ಸಂಬಂಧವೇ ಇಲ್ಲದ ಜಾಗದಲ್ಲಿ.

2001ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕರ್ನಲ್ ಕೋಡನ್ನು ಸ್ವಯಂಚಾಲಿತ ಸಾಧನಗಳಿಂದ ಜಾಲಾಡಿ, ಡ್ರೈವರ್‌ಗಳಲ್ಲಿ ತಪ್ಪುಗಳ ಪ್ರಮಾಣ ಉಳಿದ ಭಾಗಕ್ಕಿಂತ 3ರಿಂದ 7 ಪಟ್ಟು ಹೆಚ್ಚು ಇರಬಹುದೆಂದು ತೋರಿಸಿದ್ದರು. ಹತ್ತು ವರ್ಷ ಬಿಟ್ಟು 2011ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಅದೇ ಲೆಕ್ಕವನ್ನು ಮತ್ತೆ ಹಾಕಿತು. ಅಷ್ಟರಲ್ಲಿ ಡ್ರೈವರ್‌ಗಳ ಸ್ಥಿತಿ ಎಷ್ಟೋ ಸುಧಾರಿಸಿತ್ತು. ಕೋಡ್ ಮಾತ್ರ ಹಲವು ಪಟ್ಟು ಬೆಳೆದಿದ್ದರಿಂದ ಒಟ್ಟು ತಪ್ಪುಗಳಲ್ಲಿ ದೊಡ್ಡ ಪಾಲು ಇನ್ನೂ ಅಲ್ಲೇ ಇತ್ತು.

ಈಗ ಆ ಪಾಪದ ಪ್ಯಾಚಿಗೆ ಬರೋಣ. ಒಂದು ಎಆರ್‌ಎಂ ಚಿಪ್ಪಿನೊಳಗಿನ ಸಣ್ಣ ಘಟಕಕ್ಕೆ ಬರೆದ ಡ್ರೈವರ್ ಎಂದಿಟ್ಟುಕೊಳ್ಳಿ. ಸಾಧನ ಸಿಕ್ಕಿದ ಕೂಡಲೇ ಕರ್ನಲ್ ಡ್ರೈವರಿನ ‘ಪ್ರೋಬ್’ ಎಂಬ ಫಂಕ್ಷನ್ ಕರೆಯುತ್ತದೆ. ಅದು ಒಂದಾದ ಮೇಲೊಂದರಂತೆ ತನಗೆ ಬೇಕಾದ್ದನ್ನು ಕೇಳಿ ಪಡೆಯುತ್ತದೆ: ತನ್ನ ಲೆಕ್ಕ ಇಟ್ಟುಕೊಳ್ಳಲು ಮೆಮೊರಿ, ಚಿಪ್ಪಿನ ರಿಜಿಸ್ಟರುಗಳನ್ನು (ಚಿಪ್ಪಿಗೆ ಆಜ್ಞೆ ಕೊಡುವ, ಅದರ ಸ್ಥಿತಿ ಓದುವ ಪುಟ್ಟ ಖಾನೆಗಳನ್ನು) ಮುಟ್ಟಲು ವಿಳಾಸ, ತನ್ನ ಮಿಡಿತದಿಂದ ಘಟಕಕ್ಕೆ ಜೀವ ಕೊಡುವ ಕ್ಲಾಕ್, ಕೊನೆಗೆ ಇಂಟರಪ್ಟ್. ಚಿಪ್ಪಿಗೆ ಏನಾದರೂ ಹೇಳಬೇಕಾದಾಗ ಅದು ಇಂಟರಪ್ಟ್ ಎಬ್ಬಿಸುತ್ತದೆ. ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು ಡ್ರೈವರಿನ ಹ್ಯಾಂಡ್ಲರಿಗೆ ಹಾರುತ್ತದೆ. ಹ್ಯಾಂಡ್ಲರ್ ಸ್ಟೇಟಸ್ ರಿಜಿಸ್ಟರ್ ಓದಿ ವಿಷಯ ಏನೆಂದು ತಿಳಿಯುತ್ತದೆ. ಸಾಧನವನ್ನು ತೆಗೆಯುವಾಗ ‘ರಿಮೂವ್’ ಎಂಬ ಫಂಕ್ಷನ್ ಇದೆಲ್ಲವನ್ನೂ ಹಿಂದುಮುಂದಾಗಿ ಬಿಚ್ಚಬೇಕು. ಮೊದಲು ಇಂಟರಪ್ಟ್ ಬಿಡು, ಆಮೇಲೆ ಕ್ಲಾಕ್ ಆರಿಸು, ಆಮೇಲೆ ಮೆಮೊರಿ.

ಹಳೆಯ ಕಾಲದಲ್ಲಿ ಇದನ್ನೆಲ್ಲ ಕೈಯಾರೆ ಬರೆಯಬೇಕಿತ್ತು. ಪ್ರೋಬ್‌ನ ನಾಲ್ಕನೇ ಹೆಜ್ಜೆ ವಿಫಲವಾದರೆ ಮೂರು, ಎರಡು, ಒಂದು ಎಂದು ಇಳಿದು ಬರುವ ‘ಗೋಟು’ (ಇಂಥ ಸಾಲಿಗೆ ಹಾರು ಎಂಬ ಆಜ್ಞೆ) ಏಣಿ. ಒಂದು ಮೆಟ್ಟಿಲು ಮರೆತರೂ ಸೋರಿಕೆ, ಅಂದರೆ ಪಡೆದದ್ದು ಹಿಂತಿರುಗದೆ ಉಳಿಯುವುದು. 2007ರಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಕರ್ನಲ್‌ಗೆ ಬಂತು. ‘ಡೆವ್ಎಂ’ ಎಂಬ ಪೂರ್ವಪದವಿರುವ ಫಂಕ್ಷನ್ನುಗಳಲ್ಲಿ ಕೇಳಿ ಪಡೆದ ಯಾವುದೇ ಸಂಪನ್ಮೂಲ ಆ ಸಾಧನದ ಹೆಸರಿಗೆ ಅಂಟಿಕೊಂಡಿರುತ್ತದೆ. ಪ್ರೋಬ್ ಅರ್ಧದಲ್ಲಿ ಸೋತರೆ, ಅಥವಾ ರಿಮೂವ್ ಮುಗಿದ ಮೇಲೆ, ಕರ್ನಲ್ ತಾನೇ ಒಂದೊಂದಾಗಿ ಬಿಡುಗಡೆ ಮಾಡುತ್ತದೆ, ಪಡೆದದ್ದರ ಉಲ್ಟಾ ಕ್ರಮದಲ್ಲಿ. ಡ್ರೈವರ್ ಬರೆಯುವವರಿಗೆ ಏಣಿ ಕಟ್ಟುವ ಕೆಲಸ ತಪ್ಪಿತು.

ನಮ್ಮ ಪ್ಯಾಚ್ ಮಾಡಿದ್ದು ಇಷ್ಟೇ. ಇಂಟರಪ್ಟ್ ಕೇಳುವ ಹಳೆಯ ಫಂಕ್ಷನ್ನಿನ ಬದಲು ಅದರ ಡೆವ್ಎಂ ರೂಪ ಹಾಕಿತು. ಇನ್ನು ಕೈಯಾರೆ ಬಿಡಬೇಕಾಗಿಲ್ಲವಲ್ಲ ಎಂದು ಏಣಿಯ ಒಂದು ಮೆಟ್ಟಿಲನ್ನೂ ರಿಮೂವ್‌ನಲ್ಲಿದ್ದ ಇಂಟರಪ್ಟ್ ಬಿಡುವ ಸಾಲನ್ನೂ ಅಳಿಸಿತು. ಕ್ಲಾಕ್ ವಿಷಯಕ್ಕೆ ಕೈಹಾಕಲಿಲ್ಲ. ಅದು ಹಿಂದಿನಂತೆ ರಿಮೂವ್‌ನಲ್ಲೇ, ಕೈಯಾರೆ ಆರಿಸುವ ಸಾಲಾಗಿ ಉಳಿಯಿತು.

ಎಡವಟ್ಟು ಇರುವುದು ‘ರಿಮೂವ್ ಮುಗಿದ ಮೇಲೆ’ ಎಂಬಲ್ಲಿ. ಮೊದಲು ಇಂಟರಪ್ಟ್ ಹೋಗಿ ಆಮೇಲೆ ಕ್ಲಾಕ್ ಆರುತ್ತಿತ್ತು. ಈಗ ರಿಮೂವ್‌ನೊಳಗೆ ಕ್ಲಾಕ್ ಆರಿಹೋಗುತ್ತದೆ, ರಿಮೂವ್ ಮರಳುತ್ತದೆ, ಆಮೇಲಷ್ಟೇ ಕರ್ನಲ್ ಇಂಟರಪ್ಟನ್ನು ಬಿಡುಗಡೆ ಮಾಡುತ್ತದೆ. ಲಿಫ್ಟಿನಲ್ಲಿ ಜನ ಇದ್ದಾರೋ ಇಲ್ಲವೋ ನೋಡದೆ ಅಪಾರ್ಟ್‌ಮೆಂಟಿನ ಮೇನ್ ಸ್ವಿಚ್ ಆರಿಸಿದ ಹಾಗೆ. ಆ ನಡುವಿನ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಒಂದು ಇಂಟರಪ್ಟ್ ಬಂದರೆ (ಅದೇ ಲೈನನ್ನು ಇನ್ನೊಂದು ಸಾಧನ ಹಂಚಿಕೊಂಡಿದ್ದರೆ ಬರುವುದಕ್ಕೆ ಏನೂ ಅಡ್ಡಿಯಿಲ್ಲ) ಹ್ಯಾಂಡ್ಲರ್ ಎಂದಿನಂತೆ ಸ್ಟೇಟಸ್ ರಿಜಿಸ್ಟರ್ ಓದಲು ಹೋಗುತ್ತದೆ. ಕ್ಲಾಕ್ ಇಲ್ಲದ ಘಟಕ ಉತ್ತರ ಕೊಡುವುದಿಲ್ಲ. ಕೆಲವು ಚಿಪ್ಪುಗಳಲ್ಲಿ ಬಸ್ (ಪ್ರೊಸೆಸರಿಗೂ ಘಟಕಗಳಿಗೂ ನಡುವಿನ ಸಂಪರ್ಕದ ದಾರಿ) ಎರರ್ ಬಂದು ಕರ್ನಲ್ ಬೀಳುತ್ತದೆ. ಕೆಲವದರಲ್ಲಿ ಪ್ರೊಸೆಸರ್ ಉತ್ತರಕ್ಕಾಗಿ ಕಾಯುತ್ತಾ ಅಲ್ಲೇ ಕಲ್ಲಾಗುತ್ತದೆ, ಲಾಗಿನಲ್ಲಿ ಒಂದಕ್ಷರವೂ ಉಳಿಯುವುದಿಲ್ಲ. ಇನ್ನು ಡ್ರೈವರಿನ ಮೆಮೊರಿಯನ್ನೂ ರಿಮೂವ್‌ನಲ್ಲೇ ಕೈಯಾರೆ ಬಿಡುತ್ತಿದ್ದರೆ, ಹ್ಯಾಂಡ್ಲರ್ ಮುಟ್ಟುವ ಪಾಯಿಂಟರ್ ಆಗಲೇ ಬೇರೆಯವರ ಪಾಲಾಗಿರುತ್ತದೆ.

ಡಿಫ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಡಿಫ್ ಬದಲಾದ ಸಾಲನ್ನೂ ಅದರ ಮೇಲೆ ಕೆಳಗೆ ಮೂರು ಮೂರು ಸಾಲನ್ನೂ ತೋರಿಸಿ ಸುಮ್ಮನಾಗುತ್ತದೆ. ತಪ್ಪು ಇರುವುದು ಬದಲಾಗದೆ ಉಳಿದ ಸಾಲಿನಲ್ಲಿ. ಹಾಗಾಗಿ ಅನುಭವಿ ರಿವ್ಯೂಯರ್ ಮೊದಲು ಮಾಡುವ ಕೆಲಸ ಪ್ಯಾಚನ್ನು ಪಕ್ಕಕ್ಕಿಟ್ಟು ಇಡೀ ಫೈಲ್ ತೆರೆಯುವುದು. ಕಾಗದದ ಮೇಲೆ ಎರಡು ಕಾಲಂ: ಎಡಗಡೆ ಪಡೆಯುವ ಕ್ರಮ, ಬಲಗಡೆ ಬಿಡುವ ಕ್ರಮ. ಡೆವ್ಎಂ ಪಟ್ಟಿಯದ್ದೆಲ್ಲ ಬಲಗಡೆ ಕಟ್ಟಕಡೆಗೆ ಇಳಿಯುತ್ತದೆ. ಎರಡೂ ಕಾಲಂ ಒಂದಕ್ಕೊಂದು ಕನ್ನಡಿಯಂತಿಲ್ಲದಿದ್ದರೆ ಏಕೆಂದು ಕೇಳಬೇಕು. ಡೆವ್ಎಂ ಮತ್ತು ಕೈಯಾರೆ ಬಿಡುವುದು ಎರಡೂ ಬೆರೆತ ಡ್ರೈವರ್ ಕಂಡರೆ ಕೇಳಲೇಬೇಕು.

ಸರಿಪಡಿಸುವ ದಾರಿಗಳಿವೆ. ಕ್ಲಾಕನ್ನೂ ಡೆವ್ಎಂ ಪಟ್ಟಿಗೆ ಸೇರಿಸಬಹುದು; ಪಡೆದು, ಹೊತ್ತಿಸಿ, ಕೊನೆಗೆ ತಾನೇ ಆರಿಸುವ ಒಂದೇ ಫಂಕ್ಷನ್ 2022ರಿಂದ ಕರ್ನಲ್‌ನಲ್ಲಿದೆ. ಅದು ಹೊಂದದ ಕಡೆ ‘ಕೊನೆಗೆ ಇದನ್ನು ಕರೆ’ ಎಂದು ನಮ್ಮದೇ ಫಂಕ್ಷನ್ನನ್ನು ಪಟ್ಟಿಗೆ ನೋಂದಾಯಿಸಬಹುದು. ಮೂರನೆಯ ದಾರಿ, ಹೇಳುವುದಕ್ಕೆ ಮುಜುಗರವಾದರೂ ಬಹಳ ಸಲ ಅದೇ ಸರಿ: ಇದ್ದದ್ದನ್ನು ಇದ್ದ ಹಾಗೆ ಬಿಡುವುದು. ಹದಿನೈದು ವರ್ಷದಿಂದ ಓಡುತ್ತಿರುವ, ಈಗ ಯಾರ ಬಳಿಯೂ ಬೋರ್ಡ್ ಇಲ್ಲದ ಡ್ರೈವರಿನಲ್ಲಿ ಎಂಟು ಸಾಲು ಉಳಿಸಿ ಗಳಿಸುವುದೇನು? ಕರ್ನಲ್‌ಗೆ ಮೊದಲ ಕಾಣಿಕೆ ಕೊಡಬೇಕೆಂಬ ಉತ್ಸಾಹದಲ್ಲಿ ಹೊಸಬರು ಇಂಥ ಪ್ಯಾಚ್ ಕಳಿಸುತ್ತಾರೆ. ಅವರನ್ನು ನಿರುತ್ಸಾಹಗೊಳಿಸದೆ ‘ಬೇಡ’ ಎನ್ನುವುದು ಕರ್ನಲ್‌ನ ಒಂದೊಂದು ಭಾಗವನ್ನು ನೋಡಿಕೊಳ್ಳುವ ಮೇಂಟೇನರುಗಳಿಗೆ ದಿನನಿತ್ಯದ ಕಷ್ಟ.

ರಿಮೂವ್ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬಹುಕಾಲ ಪ್ಲಾಟ್‌ಫಾರ್ಮ್ ಡ್ರೈವರುಗಳ (ನಮ್ಮ ಉದಾಹರಣೆಯಂತೆ ಚಿಪ್ಪಿನೊಳಗಿನ ಘಟಕಗಳ ಡ್ರೈವರುಗಳ) ರಿಮೂವ್ ಒಂದು ಸಂಖ್ಯೆಯನ್ನು ಹಿಂತಿರುಗಿಸುತ್ತಿತ್ತು. ಅದನ್ನು ನೋಡಿ ಅನೇಕರು ‘ಈಗ ತೆಗೆಯಲಾಗದು’ ಎಂಬಂತೆ ಎರರ್ ಕೋಡ್ ಕೊಟ್ಟು ಮಧ್ಯದಲ್ಲೇ ಹೊರಬರುತ್ತಿದ್ದರು. ಕರ್ನಲ್ ಆ ಸಂಖ್ಯೆಗೆ ಕಿವಿಗೊಡುತ್ತಲೇ ಇರಲಿಲ್ಲ. ಸಾಧನ ಹೋಗುತ್ತಿತ್ತು, ಬಿಡಬೇಕಾದ ಸಂಪನ್ಮೂಲ ಹಾಗೇ ಸೋರಿ ಉಳಿಯುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಸಾವಿರಾರು ಡ್ರೈವರುಗಳನ್ನು ಒಂದೊಂದಾಗಿ ತಿದ್ದಿ, ರಿಮೂವ್ ಏನನ್ನೂ ಹಿಂತಿರುಗಿಸದಂತೆ ಮಾಡಲಾಯಿತು. ತಪ್ಪು ಬರೆಯುವ ಅವಕಾಶವನ್ನೇ ತೆಗೆದದ್ದು. ರಿವ್ಯೂನಲ್ಲಿ ಮತ್ತೆ ಮತ್ತೆ ಅದೇ ಮಾತು ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರೋಬ್ ಕಡೆಯೂ ಇದೇ ಬಗೆಯ ಪ್ರಶ್ನೆ: ಇಂಟರಪ್ಟ್ ಕೇಳಿದ ಮರುಕ್ಷಣವೇ ಅದು ಬಂದರೆ? ‘ಸಾಧನವನ್ನು ಇನ್ನೂ ಚಾಲೂ ಮಾಡಿಲ್ಲ, ಹೇಗೆ ಬರುತ್ತದೆ’ ಎಂದು ಬರೆದವರು ಉತ್ತರಿಸುತ್ತಾರೆ. ನಾವು ಚಾಲೂ ಮಾಡಿಲ್ಲ, ನಿಜ. ಆದರೆ ನಮಗಿಂತ ಮೊದಲು, ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಅದನ್ನು ಬಳಸಿ ಅರ್ಧದಲ್ಲಿ ಬಿಟ್ಟಿರಬಹುದು. ಕ್ರ್ಯಾಶ್ ಆದ ಕರ್ನಲ್‌ನ ಜಾಗದಲ್ಲಿ ಎರಡನೆಯದೊಂದು ಎದ್ದಿದ್ದರೆ ಸಾಧನ ಹಳೆಯ ಕರ್ನಲ್ಲಿಗಾಗಿ ಇನ್ನೂ ಕೂಗುತ್ತಿರಬಹುದು. ಆದ್ದರಿಂದ ಹ್ಯಾಂಡ್ಲರ್ ಮುಟ್ಟುವ ಲಾಕ್ (ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ), ಪಟ್ಟಿ, ಪಾಯಿಂಟರ್ ಎಲ್ಲವೂ ಇಂಟರಪ್ಟ್ ಕೇಳುವ ಮುಂಚೆ ತಯಾರಿರಬೇಕು. ಹಂಚಿಕೊಂಡ ಇಂಟರಪ್ಟನ್ನು ಡ್ರೈವರ್ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಸುಳ್ಳು ಇಂಟರಪ್ಟ್ ಕಳಿಸಿ ಪರೀಕ್ಷಿಸುವ ಡೀಬಗ್ ಆಯ್ಕೆಯೇ ಕರ್ನಲ್‌ನಲ್ಲಿದೆ. ನಮ್ಮ ಕ್ಲೀನಪ್ ಪ್ಯಾಚನ್ನು ಆ ಆಯ್ಕೆ ಹಾಕಿ ಓಡಿಸಿದ್ದರೆ, ಲೈನ್ ಹಂಚಿಕೊಂಡದ್ದಾಗಿದ್ದ ಪಕ್ಷದಲ್ಲಿ, ಅದೇ ದಿನ ಬಣ್ಣ ಬಯಲಾಗುತ್ತಿತ್ತು.

ಇಂಟರಪ್ಟ್ ಹ್ಯಾಂಡ್ಲರ್ ಎಂದ ಮೇಲೆ ನಿದ್ದೆಯ ವಿಷಯ ಬರಲೇಬೇಕು. ಹ್ಯಾಂಡ್ಲರ್ ಓಡುವಾಗ, ಸ್ಪಿನ್‌ಲಾಕ್ (ಸಿಗುವವರೆಗೆ ಸುತ್ತುತ್ತಾ ಕಾಯುವ ಬಗೆಯ ಲಾಕ್) ಹಿಡಿದಿರುವಾಗ, ಕರ್ನಲ್ ಕೋಡ್ ನಿದ್ದೆ ಮಾಡುವಂತಿಲ್ಲ. ಅಂದರೆ ಯಾವುದಕ್ಕಾದರೂ ಕಾಯುತ್ತಾ ಪ್ರೊಸೆಸರನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. ಕಷ್ಟವೆಂದರೆ ಯಾವ ಫಂಕ್ಷನ್ ನಿದ್ದೆ ಮಾಡುತ್ತದೆ ಎಂಬುದು ಅದರ ಹೆಸರಿನಲ್ಲಿ ಬರೆದಿರುವುದಿಲ್ಲ. ಮೆಮೊರಿ ಕೇಳುವಾಗ ‘ಜಿಎಫ್‌ಪಿ ಕರ್ನಲ್’ ಎಂಬ ಸೂಚನೆ ಕೊಟ್ಟರೆ ಮೆಮೊರಿಯಲ್ಲಿ ಜಾಗ ತೆರವಾಗುವವರೆಗೆ ಕಾಯಲು ಒಪ್ಪಿದ ಹಾಗೆ. ‘ಜಿಎಫ್‌ಪಿ ಅಟಾಮಿಕ್’ ಕೊಟ್ಟರೆ ಕಾಯುವುದಿಲ್ಲ, ಆದರೆ ಸಿಗದೆ ಹೋಗುವ ಸಂಭವ ಹೆಚ್ಚು. ಐ-ಸ್ಕ್ವೇರ್-ಸಿ ಬಸ್ ಮೇಲೆ ಕೂತ ಟಚ್ ಸ್ಕ್ರೀನ್ ಚಿಪ್ಪಿನಿಂದ ಎರಡು ಬೈಟ್ ಓದುವುದೂ ಸಾಮಾನ್ಯವಾಗಿ ನಿದ್ದೆಯ ಕೆಲಸವೇ. ಆ ಬಸ್ ನಿಧಾನ. ಅದಕ್ಕಾಗಿಯೇ ಹ್ಯಾಂಡ್ಲರನ್ನು ನಿದ್ದೆ ಮಾಡಬಲ್ಲ ಪ್ರತ್ಯೇಕ ಥ್ರೆಡ್‌ನಲ್ಲಿ ಓಡಿಸುವ ಏರ್ಪಾಡು 2009ರಲ್ಲಿ ಕರ್ನಲ್ ಸೇರಿತು. ರಿವ್ಯೂಯರ್ ಇಲ್ಲಿ ಮಾಡುವುದು ಬೇಸರದ, ಆದರೆ ತಪ್ಪಿಸಲಾಗದ ಕೆಲಸ: ಹೊಸದಾಗಿ ಸೇರಿಸಿದ ಪ್ರತಿ ಕರೆಯ ಹಿಂದೆ ಹೋಗಿ, ಅದು ಯಾರನ್ನು ಕರೆಯುತ್ತದೆ, ಅವರು ಯಾರನ್ನು ಕರೆಯುತ್ತಾರೆ ಎಂದು ತಳದವರೆಗೆ ಇಳಿಯುವುದು.

ಇದಕ್ಕೆಲ್ಲ ಯಂತ್ರದ ಸಹಾಯ ಇಲ್ಲವೇ ಎಂದರೆ, ಇದೆ. ಲಾಕುಗಳ ಕ್ರಮ ತಪ್ಪಿದರೆ ಕೂಗುವ ‘ಲಾಕ್‌ಡೆಪ್’ 2006ರಿಂದಲೂ ಇದೆ. ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಹಿಡಿಯುವ ‘ಕೆಎಸ್ಯಾನ್’ 2015ರಿಂದ. ಕೋಡನ್ನು ಓಡಿಸದೆ ಓದಿ ತಪ್ಪು ಹುಡುಕುವ ಸ್ಪಾರ್ಸ್, ಸ್ಮ್ಯಾಚ್, ಕಾಕ್ಸಿನೆಲ್ ಇವೆ. ಬಂದ ಪ್ಯಾಚನ್ನು ಹತ್ತಾರು ವಿನ್ಯಾಸಗಳಲ್ಲಿ ತಾನೇ ಕಂಪೈಲ್ ಮಾಡಿ ದೂರು ಕಳಿಸುವ ರೋಬಾಟ್‌ಗಳಿವೆ. ಆದರೆ ಲಾಕ್‌ಡೆಪ್ ಆಗಲಿ ಕೆಎಸ್ಯಾನ್ ಆಗಲಿ ಓಡಿದ ದಾರಿಯನ್ನು ಮಾತ್ರ ಬಲ್ಲವು. ಯಂತ್ರಾಂಶವೇ ಇಲ್ಲದ ಕಡೆ ಡ್ರೈವರಿನ ಪ್ರೋಬ್ ಕೂಡ ಓಡುವುದಿಲ್ಲ, ಇನ್ನು ಎರರ್ ದಾರಿಯ ಮಾತೆಲ್ಲಿ. ಸ್ಪೇಸು, ಟ್ಯಾಬು, ಸಾಲಿನ ಉದ್ದಗಳನ್ನು ಮಾತ್ರ ಪೂರ್ತಿ ‘ಚೆಕ್‌ಪ್ಯಾಚ್’ ಸ್ಕ್ರಿಪ್ಟಿಗೇ ಬಿಟ್ಟುಬಿಡಬೇಕು. ಅದರ ಎಚ್ಚರಿಕೆಯ ಮಿತಿಯನ್ನು 2020ರಲ್ಲಿ 80 ಅಕ್ಷರದಿಂದ 100ಕ್ಕೆ ಏರಿಸಿದ್ದಾಗಿದೆ; ಇನ್ನೂ ಅದರ ಬಗ್ಗೆ ಜಗಳವಾಡುವವರಿಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ.

ಯಂತ್ರಕ್ಕೆ ತಿಳಿಯದ, ಮನುಷ್ಯರೇ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಡ್ರೈವರ್ ತನ್ನ ಚಿಪ್ಪನ್ನು ಎಷ್ಟು ನಂಬುತ್ತದೆ? ಚಿಪ್ ಇನ್ನೂ ಕೆಲಸದಲ್ಲಿದೆ ಎಂದು ಹೇಳುವ ‘ಬಿಜಿ’ ಎಂಬ ಬಿಟ್ ಸೊನ್ನೆಯಾಗುವವರೆಗೆ ಸುತ್ತುತ್ತಾ ಕಾಯುವ ಲೂಪ್ ಬರೆದಿದ್ದಾರೆ ಎನ್ನಿ. ಚಿಪ್ಪಿನ ವಿವರ ಪುಸ್ತಿಕೆಯಾದ ಡೇಟಾಶೀಟ್ ಪ್ರಕಾರ ಹತ್ತು ಮೈಕ್ರೋಸೆಕೆಂಡಿನಲ್ಲಿ ಆ ಬಿಟ್ ಇಳಿಯುತ್ತದೆ. ಚಿಪ್ ಕೆಟ್ಟಿದ್ದರೆ ಎಂದೂ ಇಳಿಯುವುದಿಲ್ಲ, ಆ ಪ್ರೊಸೆಸರ್ ಅಲ್ಲೇ ಸುತ್ತುತ್ತಿರುತ್ತದೆ. ಇಷ್ಟು ಹೊತ್ತು ಕಾದು ಸೋಲೊಪ್ಪಿಕೊಳ್ಳುವ ಸಿದ್ಧ ಮ್ಯಾಕ್ರೋಗಳು ಇರುವಾಗ ಬರಿಯ ಲೂಪ್ ಬರೆಯಲು ಕಾರಣವೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಯಾರೋ ಎಳೆದು ತೆಗೆದರೆ ರಿಜಿಸ್ಟರ್ ಓದಿದಾಗೆಲ್ಲ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ ಒಂದಾಗಿಯೇ ಬರುತ್ತವೆ, ಅಂದರೆ ಬಿಜಿ ಬಿಟ್ ಕೂಡ. ಇನ್ನು ಸಾಧನವೇ ‘ನಾನು ಕಳಿಸಿದ್ದು ಇಷ್ಟು ಬೈಟ್’ ಎಂದು ಹೇಳಿ, ಡ್ರೈವರ್ ಆ ಸಂಖ್ಯೆಯನ್ನು ಪರೀಕ್ಷಿಸದೆ ಅಷ್ಟನ್ನೂ 64 ಬೈಟಿನ ಬಫರಿಗೆ ನಕಲು ಮಾಡಿದರೆ? ಬೋರ್ಡಿಗೆ ಬೆಸುಗೆಯಾದ ಚಿಪ್ಪಿನಲ್ಲಿ ಇದು ಬರೀ ತಪ್ಪು. ಯುಎಸ್‌ಬಿಯಲ್ಲಿ ಇದು ಬಾಗಿಲು. ಹೊರಗಿನಿಂದ ಯಾರೋ ತಂದು ಚುಚ್ಚುವ ಕಡ್ಡಿ ಕೀಬೋರ್ಡ್ ಎಂದು ಹೇಳಿಕೊಂಡು ಏನು ಬೇಕಾದರೂ ಕಳಿಸಬಹುದು. 2017ರಿಂದೀಚೆಗೆ ಹುಸಿ ಯುಎಸ್‌ಬಿ ಸಾಧನಗಳನ್ನು ಸೃಷ್ಟಿಸಿ ಕರ್ನಲ್ಲಿಗೆ ಕಸ ತಿನ್ನಿಸುವ ಫಝಿಂಗ್ ಪರೀಕ್ಷೆಗಳು ಇಂಥ ರಾಶಿ ದೋಷಗಳನ್ನು ಹೊರಗೆಳೆದಿವೆ.

ಡಿಎಂಎ ಬಗ್ಗೆ ಸಂಕ್ಷೇಪವಾಗಿ. ಪ್ರೊಸೆಸರಿನ ಕೈಯಿಲ್ಲದೆ ಸಾಧನವೇ ನೇರ ಮೆಮೊರಿಗೆ ಬರೆಯುವ ವಿಧಾನ ಇದು. ಫಂಕ್ಷನ್ನಿನ ಒಳಗಿನ ಸ್ಥಳೀಯ ಅರೇ, ಅಂದರೆ ಸ್ಟ್ಯಾಕ್ ಮೇಲಿನ ಜಾಗವನ್ನು ಡಿಎಂಎಗೆ ಕೊಡಬಾರದೆಂಬ ನಿಯಮ ಮೊದಲಿಂದಲೂ ಇತ್ತು. ಆದರೆ ಕೊಟ್ಟರೂ ಬಹುತೇಕ ಪಿಸಿಗಳಲ್ಲಿ ಕೆಲಸ ನಡೆಯುತ್ತಿತ್ತು, ಹಾಗಾಗಿ ಎಷ್ಟೋ ಯುಎಸ್‌ಬಿ ಡ್ರೈವರುಗಳು ಕೊಡುತ್ತಲೇ ಬಂದಿದ್ದವು. 2016ರ ಕೊನೆಗೆ ಬಂದ 4.9ನೇ ಆವೃತ್ತಿಯಲ್ಲಿ ಎಕ್ಸ್86 ಯಂತ್ರಗಳ ಕರ್ನಲ್ ಸ್ಟ್ಯಾಕನ್ನು ಬೇರೆ ಬಗೆಯ ಮೆಮೊರಿಗೆ ವರ್ಗಾಯಿಸುವ ಆಯ್ಕೆ ಬಂತು. ವರ್ಷಗಟ್ಟಲೆ ‘ಸರಿ’ ಇದ್ದ ಡ್ರೈವರುಗಳು ಒಂದೊಂದಾಗಿ ಮಕಾಡೆ ಮಲಗಿದವು. ಯಾರ ಮೇಜಿನ ಮೇಲೆ ಓಡಿತು ಎನ್ನುವುದು ರಿವ್ಯೂನಲ್ಲಿ ಪೂರ್ತಿ ವಾದವಾಗುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಇನ್ನು 2008ರ ಇಂಟೆಲ್ ನೆಟ್‌ವರ್ಕ್ ಕಾರ್ಡಿನ ಕಥೆ. ಡ್ರೈವರ್ ಲೋಕದಲ್ಲಿ ಇದನ್ನು ಇವತ್ತಿಗೂ ನೆನೆಯುತ್ತಾರೆ, ಏಕೆಂದರೆ ರಿವ್ಯೂ ಎಷ್ಟು ದೂರದವರೆಗೆ ನೋಡಬಲ್ಲದು ಎಂಬ ಪ್ರಶ್ನೆಯನ್ನು ಅದು ನೇರವಾಗಿ ಎತ್ತಿತು. ಕರ್ನಲ್ 2.6.27 ಇನ್ನೂ ಪರೀಕ್ಷಾ ಹಂತದಲ್ಲಿತ್ತು. ಇ1000ಇ ಎಂಬ ಡ್ರೈವರ್ ಬಳಸುವ ಕೆಲವು ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡ್ ಸತ್ತೇಹೋಗುತ್ತಿತ್ತು. ರೀಬೂಟ್ ಮಾಡಿದರೂ ಏಳುತ್ತಿರಲಿಲ್ಲ, ಹಳೆಯ ಕರ್ನಲ್ ಹಾಕಿದರೂ ಇಲ್ಲ. ಕಾರ್ಡಿನ ಗುರುತು, ವಿಳಾಸಗಳೆಲ್ಲ ಇರುವ ಶಾಶ್ವತ ಮೆಮೊರಿಯೇ ಅಳಿಸಿಹೋಗುತ್ತಿತ್ತು. ಸಹಜವಾಗಿ ಎಲ್ಲರ ಕಣ್ಣು ಹೋದದ್ದು ಇ1000ಇ ಮೇಲೆ. ಡ್ರೈವರಿನ ಇತ್ತೀಚಿನ ಬದಲಾವಣೆಗಳನ್ನು ಸಾಲು ಸಾಲಾಗಿ ಜಾಲಾಡಿದರು. ಪರೀಕ್ಷಿಸಿ ನೋಡೋಣವೆಂದರೆ ಪ್ರತಿ ಪ್ರಯೋಗಕ್ಕೂ ಒಂದು ಕಾರ್ಡ್ ಬಲಿ.

ಅಪರಾಧಿ ಸಿಕ್ಕಿದ್ದು ಬೇರೆಯೇ ಓಣಿಯಲ್ಲಿ. ಕರ್ನಲ್ ಫಂಕ್ಷನ್ನುಗಳ ಜಾಡು ಹಿಡಿಯುವ ‘ಎಫ್‌ಟ್ರೇಸ್’ ಎಂಬ ಹೊಸ ಸೌಲಭ್ಯ ತಾನು ತಿದ್ದಬೇಕಾದ ಕೋಡಿನ ವಿಳಾಸಗಳನ್ನು ಬರೆದಿಟ್ಟುಕೊಂಡು, ಆಮೇಲೆ ನಿಧಾನವಾಗಿ ಅಲ್ಲಿಗೆ ಹೋಗಿ ಸೂಚನೆ ಬದಲಿಸುತ್ತಿತ್ತು. ಮಾಡ್ಯೂಲಿನ ಆರಂಭದಲ್ಲಿ ಒಮ್ಮೆ ಮಾತ್ರ ಓಡುವ ಕೋಡ್ ಕೆಲಸ ಮುಗಿದ ಮೇಲೆ ತನ್ನ ಮೆಮೊರಿ ಬಿಟ್ಟುಕೊಡುತ್ತದೆ. ಎಫ್‌ಟ್ರೇಸ್‌ನ ಪಟ್ಟಿಯಲ್ಲಿ ಅದರ ವಿಳಾಸ ಮಾತ್ರ ಉಳಿದಿರುತ್ತಿತ್ತು. ಖಾಲಿಯಾದ ಅದೇ ವಿಳಾಸಕ್ಕೆ ಇ1000ಇ ತನ್ನ ಶಾಶ್ವತ ಮೆಮೊರಿಯ ರಿಜಿಸ್ಟರುಗಳನ್ನು ತಂದು ಕೂರಿಸಿಕೊಳ್ಳುವ ಸಂಭವವಿತ್ತು. ಎಫ್‌ಟ್ರೇಸ್ ಬಳಸುತ್ತಿದ್ದುದು ‘ಹಳೆಯ ಬೆಲೆ ಹೊಂದಿದರೆ ಮಾತ್ರ ಬದಲಿಸು’ ಎಂಬ ಸೂಚನೆ. ಹೊಂದದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ. ಸಾಮಾನ್ಯ ಮೆಮೊರಿಯಲ್ಲಿ ಆ ನಂಬಿಕೆ ಸರಿ. ಆದರೆ ಎಕ್ಸ್86ನಲ್ಲಿ ಆ ಸೂಚನೆ ಬೆಲೆ ಹೊಂದದಿದ್ದರೂ ಇದ್ದದ್ದನ್ನೇ ಮತ್ತೆ ಬರೆಯುತ್ತದೆ. ಯಂತ್ರಾಂಶದ ರಿಜಿಸ್ಟರಿಗೆ ಬರೆಯುವುದೆಂದರೆ ಆಜ್ಞೆ ಕೊಟ್ಟಂತೆ. 2008ರ ಅಕ್ಟೋಬರ್‌ನಲ್ಲಿ 2.6.27 ಹೊರಬಂದ ಸ್ವಲ್ಪ ದಿನಕ್ಕೆ 2.6.27.1ರಲ್ಲಿ ಆ ಸೌಲಭ್ಯವನ್ನೇ ಮುಚ್ಚಿದರು, ಮುಂದೆ ಎಫ್‌ಟ್ರೇಸ್‌ನ ಆ ಭಾಗವನ್ನು ಬೇರೆ ರೀತಿ ಕಟ್ಟಿದರು.

ಯಾವ ರಿವ್ಯೂಯರ್ ಇದನ್ನು ಮೊದಲೇ ಹಿಡಿಯಬಹುದಿತ್ತು? ಇ1000ಇ ಪ್ಯಾಚ್ ಓದುವವರು ಖಂಡಿತ ಅಲ್ಲ. ಆದರೂ ಇಂಟೆಲ್‌ನವರು ‘ತಪ್ಪು ನಮ್ಮದಲ್ಲ’ ಎಂದು ಕೈತೊಳೆದುಕೊಳ್ಳಲಿಲ್ಲ. ಎಲ್ಲಿಂದಲೋ ಬಂದ ಒಂದು ಬರಹ ಕಾರ್ಡನ್ನೇ ಕೊಲ್ಲುವುದಾದರೆ ಡ್ರೈವರ್ ಆ ಮೆಮೊರಿಯನ್ನು ಬೀಗವಿಲ್ಲದೆ ಬಿಟ್ಟದ್ದೂ ತಪ್ಪೇ ಎಂದು, ಸಾಮಾನ್ಯ ಬಳಕೆಯಲ್ಲಿ ಅದಕ್ಕೆ ಬರೆಯಲಾಗದಂತೆ ಕಾಪು ಹಾಕುವ ಪ್ಯಾಚ್ ಕೊಟ್ಟರು. ಶಾಶ್ವತ ಮೆಮೊರಿ, ಫರ್ಮ್‌ವೇರ್, ವೋಲ್ಟೇಜ್ ಇವನ್ನು ಮುಟ್ಟುವ ಪ್ಯಾಚ್ ಬಂದಾಗ ‘ಇದು ಅಕಸ್ಮಾತ್ ಓಡಿದರೆ ಯಂತ್ರ ಮತ್ತೆ ಎದ್ದೀತೇ’ ಎಂದು ಕೇಳಬೇಕಾದದ್ದು ಇದಕ್ಕೇ.

ತಪ್ಪಿಸಿಕೊಳ್ಳಲಾಗದ ಇನ್ನೊಂದು ಬಗೆಯ ತಪ್ಪು ಸದ್ದಿಲ್ಲದ್ದು. ಬಳಕೆದಾರರ ಪ್ರೋಗ್ರಾಮುಗಳಿಗೆ ಕಾಣುವ ಮುಖವನ್ನು ಕರ್ನಲ್ ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವುದಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಅತಿ ಕಟುವಾಗಿ ಕಾಯ್ದುಕೊಂಡು ಬಂದ ನಿಯಮವಿದು. ಉಷ್ಣತೆಯ ಸೆನ್ಸರುಗಳ ಚೌಕಟ್ಟಿನಲ್ಲಿ ಬೆಲೆ ಮಿಲಿಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು: 45 ಡಿಗ್ರಿ ಎಂದರೆ 45000. ಹೊಸ ಡ್ರೈವರ್ ಬರೆದವರು ಚಿಪ್ಪಿನ ಕಚ್ಚಾ ಸಂಖ್ಯೆಯನ್ನೇ ಹಾಗೇ ಕೊಟ್ಟುಬಿಟ್ಟು, ಅದು ಕರ್ನಲ್ ಸೇರಿ, ಯಾವುದೋ ಪ್ರೋಗ್ರಾಮ್ ಆ ಸಂಖ್ಯೆಯನ್ನು ನಂಬಿ ಬರೆಯಲ್ಪಟ್ಟರೆ, ಆಮೇಲೆ ತಿದ್ದುವುದೂ ಒಂದು ಒಡಕು. ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್ಲಿಗೆ ತಿಳಿಸುವ ಡಿವೈಸ್ ಟ್ರೀಯಲ್ಲಿ ಸಾಧನವನ್ನು ಬಣ್ಣಿಸುವ ಹೆಸರುಗಳೂ ಹಾಗೆಯೇ. ಲಾಕ್ ತಪ್ಪಾದರೆ ನಾಳೆ ತಿದ್ದಬಹುದು. ಹೆಸರು, ಮಾನಗಳನ್ನು ಇವತ್ತೇ ಸರಿಮಾಡಬೇಕು. ಇವುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುವುದನ್ನು ಕಂಡು ಹೊಸಬರು ಕಿರಿಕಿರಿಗೊಳ್ಳುತ್ತಾರೆ. ನನಗಂತೂ ಆ ಹೊತ್ತು ದಂಡವೆನಿಸಿಲ್ಲ.

ರಿವ್ಯೂಯರ್ ಬಳಿ ಹೆಚ್ಚಿನ ಸಲ ಆ ಯಂತ್ರಾಂಶವೇ ಇರುವುದಿಲ್ಲ ಎಂಬುದು ಹೊರಗಿನವರಿಗೆ ಆಶ್ಚರ್ಯ ತರುವ ಸಂಗತಿ. ಚಿಪ್ ಇನ್ನೂ ಮಾರುಕಟ್ಟೆಗೆ ಬಂದಿರುವುದಿಲ್ಲ, ಡೇಟಾಶೀಟ್ ಕಂಪನಿಯ ಒಳಗಿನವರಿಗೆ ಮಾತ್ರ. ಬೆಂಗಳೂರಿನಲ್ಲಿ ಚಿಪ್ ಕಂಪನಿಗಳಿಗೆ ದುಡಿಯುವ ಬಹಳ ಜನಕ್ಕೆ ಈ ಸಂಬಂಧದ ಎರಡೂ ತುದಿ ಗೊತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ನೆಲೆಯೂರಿದ ಮೇಲೆ ಒಂದರ ಹಿಂದೆ ಒಂದು ಕಂಪನಿ ಬಂದು, ಇವತ್ತು ಕರ್ನಲ್ಲಿಗೆ ಹೋಗುವ ಎಷ್ಟೋ ಡ್ರೈವರ್ ಪ್ಯಾಚುಗಳು ಹುಟ್ಟುವುದು ಹೊರವರ್ತುಲ ರಸ್ತೆಯ ಪಕ್ಕದ ಕಟ್ಟಡಗಳಲ್ಲಿ. ಕಂಪನಿಯ ಒಳಗಿನ ಕರ್ನಲ್ ಪ್ರತಿಯಲ್ಲಿ ‘ಡೆಮೋ ನಾಳೆ ಇದೆ’ ಎಂಬ ಕಾರಣಕ್ಕೆ ಒಪ್ಪಿಗೆಯಾದ ಕೋಡ್ ಹೊರಗಿನ ಮೇಂಟೇನರ್ ಮುಂದೆ ಬಂದಾಗ ಬಟ್ಟೆ ಕಳಚಿ ನಿಂತಂತಾಗುತ್ತದೆ. ‘ಇಲ್ಲಿ 50 ಮಿಲಿಸೆಕೆಂಡ್ ಯಾಕೆ ಕಾಯುತ್ತೀರಿ?’ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಚಿಪ್ ವಿನ್ಯಾಸ ಮಾಡಿದ ತಂಡದವರೆಗೂ ಹೋಗಬೇಕಾಗುತ್ತದೆ. ಹೋಗಿ ಕೇಳಿದರೆ ಅವರು ‘ಎರಡು ಸಾಕು’ ಎನ್ನುವುದೂ ಉಂಟು.

ಕೈಯಲ್ಲಿ ಚಿಪ್ ಇಲ್ಲದಿರುವುದರಿಂದಲೇ ಪ್ಯಾಚಿನ ಜತೆಗಿನ ವಿವರಣೆಗೆ ಅಷ್ಟು ಬೆಲೆ. ಏನು ಮಾಡಿದೆ ಎಂಬುದು ಕೋಡಿನಲ್ಲೇ ಇದೆ. ಯಾಕೆ, ಯಾವ ಬೋರ್ಡಿನಲ್ಲಿ ಏನು ಕಂಡು, ಹೇಗೆ ಪರೀಕ್ಷಿಸಿ ಎಂಬುದು ವಿವರಣೆಯಲ್ಲಿರಬೇಕು. ‘ಕಂಪೈಲ್ ಮಾತ್ರ ಮಾಡಿ ನೋಡಿದ್ದೇನೆ’ ಎಂದು ಪ್ರಾಮಾಣಿಕವಾಗಿ ಬರೆದ ಪ್ಯಾಚಿಗೆ ಬೇರೆ ಬಗೆಯ ಓದು ಬೇಕು, ಬರೆಯದೆ ಮುಚ್ಚಿಟ್ಟದ್ದು ಅಪಾಯ. ಹಳೆಯ ತಪ್ಪೊಂದನ್ನು ತಿದ್ದುವುದಾದರೆ ಆ ತಪ್ಪು ತಂದ ಕಮಿಟ್‌ನ (ಕೋಡಿನ ಇತಿಹಾಸದಲ್ಲಿ ದಾಖಲಾದ ಬದಲಾವಣೆಯ) ಗುರುತಿನ ಮೊದಲ 12 ಅಕ್ಷರಗಳನ್ನು ‘ಫಿಕ್ಸಸ್’ ಎಂಬ ಸಾಲಿನಲ್ಲಿ ಕೊಡಬೇಕು. ಹಳೆಯ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಎಲ್ಲಿಯವರೆಗೆ ತಿದ್ದುಪಡಿ ಹಾಕಬೇಕೆಂದು ತಿಳಿಯುವುದು ಅದರಿಂದ. 2004ರಿಂದ ಕಡ್ಡಾಯವಾದ ‘ಸೈನ್ಡ್-ಆಫ್-ಬೈ’ ಸಾಲು ಕೋಡಿನ ಹಕ್ಕಿನ ಬಗ್ಗೆ ಮಾತ್ರ ಹೇಳುತ್ತದೆ, ಗುಣದ ಬಗ್ಗೆ ಅಲ್ಲ. ಗುಣದ ಬಗ್ಗೆ ಹೇಳುವುದು ‘ರಿವ್ಯೂಡ್-ಬೈ’: ನಾನು ಓದಿದೆ, ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಕರ್ನಲ್ ಸೇರಲು ಅಡ್ಡಿಯಾಗುವ ದೋಷ ನನಗೆ ತಿಳಿದಂತೆ ಇಲ್ಲ. ತಪ್ಪೇ ಇಲ್ಲ ಎಂಬ ಖಾತರಿ ಅದರಲ್ಲಿಲ್ಲ.

ಖಾತರಿ ಇರಲಾಗದು ಎಂಬುದು 2021ರಲ್ಲಿ ಕಹಿಯಾಗಿ ಚರ್ಚೆಗೆ ಬಂತು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ತಿದ್ದುಪಡಿಯ ವೇಷದಲ್ಲಿ ದೋಷ ತೂರಿಸಬಹುದೇ ಎಂದು ನೋಡಲು ಉದ್ದೇಶಪೂರ್ವಕವಾಗಿ ಕೆಟ್ಟ ಪ್ಯಾಚ್ ಕಳಿಸಿದ್ದು ಬಯಲಾಗಿ, ಆ ಏಪ್ರಿಲ್‌ನಲ್ಲಿ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಅಲ್ಲಿಂದ ಬರುವ ಪ್ಯಾಚುಗಳಿಗೆ ಬಾಗಿಲು ಹಾಕಿದರು. ಅವರ ಹಳೆಯ ಕಮಿಟ್‌ಗಳನ್ನೆಲ್ಲ ಮರಳಿ ಓದಬೇಕಾಯಿತು. ಹೇಳದೆ ಕೇಳದೆ ಮನುಷ್ಯರ ಮೇಲೆ ಮಾಡಿದ ಪ್ರಯೋಗ ಅದು, ಸಮರ್ಥಿಸಲಾಗದು. ಆದರೆ ಅವರು ಹಿಡಿದ ವೇಷ ಮಾತ್ರ ಯೋಚಿಸುವಂಥದ್ದು: ಎರರ್ ದಾರಿಯಲ್ಲಿನ ಸಣ್ಣ ಸೋರಿಕೆಯನ್ನು ಮುಚ್ಚುವ ನೆಪ, ಒಳಗೆ ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ದೋಷ.

2022ರ ಡಿಸೆಂಬರ್‌ನಲ್ಲಿ ಬಂದ 6.1ನೇ ಆವೃತ್ತಿಯಿಂದ ಕರ್ನಲ್‌ನಲ್ಲಿ ರಸ್ಟ್ ಭಾಷೆಗೆ ಜಾಗ ಸಿಕ್ಕಿದೆ. ಬಿಟ್ಟ ಮೆಮೊರಿ, ಲಾಕ್ ಹಿಡಿಯದೆ ಮುಟ್ಟಿದ ಮಾಹಿತಿ ಇಂಥ ತಪ್ಪುಗಳಲ್ಲಿ ದೊಡ್ಡ ಪಾಲನ್ನು ಕಂಪೈಲರೇ ಹಿಡಿಯುತ್ತದೆ, ರಿವ್ಯೂಯರ್ ತಲೆಯಿಂದ ಅಷ್ಟು ಭಾರ ಇಳಿಯುತ್ತದೆ. ಚಿಪ್ಪಿನ ಕ್ಲಾಕ್ ಆರಿದೆಯೋ ಇಲ್ಲವೋ, ರೀಸೆಟ್ ಆದ ಮೇಲೆ ಎಷ್ಟು ಕಾಯಬೇಕು ಎಂಬುದು ಯಾವ ಭಾಷೆಗೂ ತಾನಾಗಿ ತಿಳಿಯುವುದಿಲ್ಲ.

ರಿವ್ಯೂ ಮಾಡುವಷ್ಟು ಕರ್ನಲ್ ಗೊತ್ತಿಲ್ಲ ಎನ್ನುವವರಿಗೂ ಒಂದು ಕೆಲಸವಿದೆ, ಬೋರ್ಡ್ ಕೈಯಲ್ಲಿದ್ದರೆ ಸಾಕು. ಪ್ಯಾಚ್ ಹಾಕಿದ ಕರ್ನಲ್ ಬೂಟ್ ಮಾಡಿ. ಸಾಧನಕ್ಕೆ ಬಿಡುವಿಲ್ಲದೆ ಕೆಲಸ ಕೊಡಿ: ನೆಟ್‌ವರ್ಕ್ ಆದರೆ ಡೇಟಾ ಸುರಿಯಲಿ, ಟಚ್ ಸ್ಕ್ರೀನ್ ಆದರೆ ಬೆರಳು ಆಡುತ್ತಲೇ ಇರಲಿ. ಸಾಧನ, ಡ್ರೈವರುಗಳನ್ನು ಫೈಲುಗಳ ರೂಪದಲ್ಲಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಡ್ರೈವರಿನ ಫೋಲ್ಡರಿನೊಳಗೆ ‘ಅನ್‌ಬೈಂಡ್’, ‘ಬೈಂಡ್’ ಎಂಬ ಎರಡು ಫೈಲುಗಳಿರುತ್ತವೆ. ಸಾಧನದ ಹೆಸರನ್ನು ಮೊದಲನೆಯದಕ್ಕೆ ಬರೆದರೆ ರಿಮೂವ್ ಓಡುತ್ತದೆ, ಎರಡನೆಯದಕ್ಕೆ ಬರೆದರೆ ಪ್ರೋಬ್. ಇದನ್ನು ಒಂದು ಲೂಪಿನಲ್ಲಿ ಹಾಕಿ, ಕೆಎಸ್ಯಾನ್ ಮತ್ತು ಲಾಕ್‌ಡೆಪ್ ಹೊತ್ತಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಲಾಗ್ ಶುಭ್ರವಾಗಿದ್ದರೆ ಬೋರ್ಡಿನ ಹೆಸರಿನ ಸಮೇತ ‘ಟೆಸ್ಟೆಡ್-ಬೈ’ ಸಾಲು ಕಳಿಸಿ. ಬೋರ್ಡ್ ಕಲ್ಲಾಗಿ ನಿಂತಿದ್ದರೆ, ಯಾವ ಸುತ್ತಿನಲ್ಲಿ ನಿಂತಿತು ಎಂಬುದನ್ನೂ ಸೇರಿಸಿ ಬರೆಯಿರಿ.